ನವೋದಯ ಪರೀಕ್ಷೆ: ಲೆಕ್ಕ ಸ್ವಲ್ಪ ಬದಿಗಿರಲಿ, ಕತ್ತರಿ–ಕಾಗದ ತನ್ನಿ

ಪ್ರಶ್ನೆ: ನಾವು ಗದಗ ಜಿಲ್ಲೆಯ ಒಂದು ಹಳ್ಳಿಯವರು. ಮಗ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ 5ನೇ ತರಗತಿ ಓದುತ್ತಿದ್ದಾನೆ. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ 6ನೇ ತರಗತಿಗೆ ಈ ವಾರ ಅರ್ಜಿ ಹಾಕಬೇಕು, ಪರೀಕ್ಷೆಗೆ ಇನ್ನು ಹದಿನೈದು ವಾರ ಇದೆ. ದಿನಾ ರಾತ್ರಿ ಎರಡು ತಾಸು ಲೆಕ್ಕ ಮಾಡಿಸುತ್ತೇನೆ. ಮಗ್ಗಿ 20ರವರೆಗೆ ಬಾಯಿಗೆ ಬರುತ್ತದೆ. ಆದರೂ ಕಳೆದ ವಾರ ಮಾದರಿ ಪತ್ರಿಕೆ ಕೊಟ್ಟಾಗ ಮಾನಸಿಕ ಸಾಮರ್ಥ್ಯದಲ್ಲಿ 40ಕ್ಕೆ 21, ಲೆಕ್ಕದಲ್ಲಿ 20ಕ್ಕೆ 14, ಕನ್ನಡದಲ್ಲಿ 20ಕ್ಕೆ 9 ಮಾತ್ರ ಸರಿಯಾದವು. ಕನ್ನಡದ ಕೊನೆಯ ಆರು ಪ್ರಶ್ನೆ ಮುಟ್ಟೇ ಇಲ್ಲ. ಚಿತ್ರದ ಪ್ರಶ್ನೆ ಕಂಡರೆ ಈಗೀಗ ಅಳುತ್ತಾನೆ. ಪಟ್ಟಣದ ವಸತಿ ಕೋಚಿಂಗಿಗೆ ಹಾಕದೆ ಸೀಟು ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹಾಜರಿ ಊರ ಶಾಲೆಯಲ್ಲೇ ಇರಲಿ, ಹುಡುಗನನ್ನು ಮಾತ್ರ ಕಳಿಸಿ ಅಂತ ಕೋಚಿಂಗಿನವರು ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ ಒಳ್ಳೆಯದಂತೆ. ಈ ಸಲ ಆಗದಿದ್ದರೆ 5ನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಿ ಮತ್ತೆ ಬರೆಸಬಹುದಂತೆ. ಇದರಲ್ಲಿ ಯಾವುದು ನಿಜ? ನಾನೇನು ಮಾಡಲಿ?

ಉತ್ತರ: ನೀವು ಅಂಕಗಳನ್ನು ವಿಭಾಗವಾರು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಬಹಳ ಪೋಷಕರು ಒಟ್ಟು ಅಂಕ ಮಾತ್ರ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಪತ್ರಿಕೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಪ್ರತಿ ಪ್ರಶ್ನೆಗೆ 1.25 ಅಂಕ. ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಚಿತ್ರದ ಪ್ರಶ್ನೆಗಳಿಗೆ, 50 ಅಂಕ, ಅಂಕಗಣಿತಕ್ಕೆ 25, ಭಾಷೆಗೆ 25. ನಿಮ್ಮ ಮಗ ಚಿತ್ರದಲ್ಲಿ 19 ಪ್ರಶ್ನೆ ಕಳೆದುಕೊಂಡಿದ್ದಾನೆ, ಕನ್ನಡದಲ್ಲಿ 11, ಲೆಕ್ಕದಲ್ಲಿ 6. ಅಂದರೆ ಚಿತ್ರ ಮತ್ತು ಕನ್ನಡ ಸೇರಿ ಕೈತಪ್ಪಿದ್ದು 37.5 ಅಂಕ, ಲೆಕ್ಕದಲ್ಲಿ ಬರೀ 7.5. ನೀವು ರಾತ್ರಿಯ ಎರಡು ತಾಸನ್ನೂ ಸುರಿಯುತ್ತಿರುವುದು ಆ 7.5 ಅಂಕದ ಮೇಲೆ! ನಿಮ್ಮನ್ನು ದೂರುತ್ತಿಲ್ಲ. ಲೆಕ್ಕ ನಮಗೆ ಗೊತ್ತಿರುವ ವಿಷಯ, ಹೇಳಿಕೊಡಲು ಬರುತ್ತದೆ. ಚಿತ್ರದ ಪ್ರಶ್ನೆಯನ್ನು ಹೇಗೆ ಹೇಳಿಕೊಡಬೇಕೆಂದು ಶಾಲೆಯೂ ಕಲಿಸಿಲ್ಲ, ನಮಗೂ ಯಾರೂ ಕಲಿಸಲಿಲ್ಲ. ಹಾಗಾಗಿ ಮಗು ಅಲ್ಲಿ ಒಬ್ಬಂಟಿಯಾಗಿಬಿಡುತ್ತದೆ. ಅಳುವಿನ ಮೂಲವೂ ಬಹುತೇಕ ಇದೇ. ಉತ್ತರ ಗೊತ್ತಾಗದಿದ್ದುದಕ್ಕಿಂತ ಹೆಚ್ಚಾಗಿ, ಎಲ್ಲಿಂದ ಶುರು ಮಾಡಬೇಕೆಂದು ತೋಚದೆ ಬರುವ ಅಳು ಅದು.

ಮೊದಲು ಊರ ಮಾತುಗಳನ್ನು ಮುಗಿಸೋಣ.

5ನೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿ ಮತ್ತೆ ಬರೆಸುವುದು ಸಾಧ್ಯವಿಲ್ಲ. 6ನೇ ತರಗತಿಯ ಈ ಆಯ್ಕೆ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು, 5ನೇ ತರಗತಿಯಲ್ಲಿ ಎರಡನೇ ಸಲ ಕೂತವರಿಗೆ ಅವಕಾಶವೇ ಇಲ್ಲ. ಹೀಗೆ ಮಾಡಿದರೆ ಮಗುವಿನ ಒಂದು ವರ್ಷ ಹೋಗುತ್ತದೆ, ಸೀಟೂ ಇಲ್ಲ.

ಇಂಗ್ಲಿಷಿನಲ್ಲಿ ಬರೆದರೆ ಹೆಚ್ಚು ಅಂಕ ಬರುತ್ತದೆ ಎಂಬುದಕ್ಕೆ ಬುಡವಿಲ್ಲ. ಅರ್ಜಿಯಲ್ಲಿ ಆರಿಸಿದ ಭಾಷೆಯಲ್ಲೇ ಇಡೀ ಪತ್ರಿಕೆ ಬರುತ್ತದೆ, ಭಾಷಾ ವಿಭಾಗವೂ ಅದೇ ಭಾಷೆಯದು. ಕನ್ನಡ ಮಾಧ್ಯಮದ ಹುಡುಗನಿಗೆ ಕನ್ನಡವನ್ನೇ ಆರಿಸಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ಹಳ್ಳಿಯ ಮಕ್ಕಳ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ. ಅವರಿಗೆ ಎರಡೂ ಭಾಷೆಯಲ್ಲಿ ಹತ್ತತ್ತು ಸಾಲು ಕೊಟ್ಟು, ಯಾವುದನ್ನು ಬೇಗ ಓದಿ ಅರ್ಥ ಹೇಳುತ್ತಾರೋ ನೋಡಿ ಆರಿಸುವುದು ಸರಿ.

ಈಗ ಕೋಚಿಂಗ್. ಶಿಸ್ತಿನಿಂದ ಅಭ್ಯಾಸ ಮಾಡಿಸುವ ಕೋಚಿಂಗ್ ಕೇಂದ್ರಗಳು ಇಲ್ಲವೆಂದಲ್ಲ. ಮನೆಯಲ್ಲಿ ಯಾರಿಗೂ ಬಿಡುವಿಲ್ಲದ, ಮನೆಯಲ್ಲಿದ್ದರೆ ಪುಸ್ತಕವನ್ನೇ ಮುಟ್ಟದ ಮಗುವಿಗೆ ಅದರಿಂದ ಅನುಕೂಲ ಆದೀತು. ಆದರೆ ‘ಹಾಜರಿ ಊರಲ್ಲಿ, ಹುಡುಗ ಇಲ್ಲಿ’ ಎಂಬ ಏರ್ಪಾಡಿಗೆ ಒಪ್ಪಬೇಡಿ. ಮಗು ಓದುತ್ತಿರುವ ಶಾಲೆಯ ಬಗ್ಗೆ ಮುಖ್ಯ ಶಿಕ್ಷಕರು ಸಹಿ ಹಾಕಿದ ಪ್ರಮಾಣಪತ್ರವನ್ನು ಅರ್ಜಿಯ ಜೊತೆ ಕೊಡಬೇಕು, ಆಯ್ಕೆಯಾದ ಮೇಲೆ ದಾಖಲೆಗಳ ಪರಿಶೀಲನೆಯೂ ಇರುತ್ತದೆ. ಅದು ಸುಳ್ಳೆಂದು ಗೊತ್ತಾದರೆ ಸಿಕ್ಕ ಸೀಟೂ ಹೋಗುತ್ತದೆ, ಮುಖ್ಯ ಶಿಕ್ಷಕರೂ ಸಿಕ್ಕಿಬೀಳುತ್ತಾರೆ.

ಹಾಗಾದರೆ ವರ್ಗಾವಣೆ ಪತ್ರ ತಗೊಂಡು ಪಟ್ಟಣದ ಶಾಲೆಗೇ ಸೇರಿಸಿದರೆ? ಅದರ ನಷ್ಟ ಇನ್ನೂ ದೊಡ್ಡದು. ಜಿಲ್ಲೆಯ ಸೀಟುಗಳಲ್ಲಿ ಕನಿಷ್ಠ ಶೇ. 75ರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಲೆಕ್ಕಕ್ಕೆ ಬರಬೇಕಾದರೆ 3, 4, 5ನೇ ತರಗತಿಗಳನ್ನು ಪೂರ್ತಿ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ನಡುವೆ ಸ್ವಲ್ಪ ದಿನ ಪಟ್ಟಣದ ಶಾಲೆಯಲ್ಲಿ ಹೆಸರಿದ್ದರೂ ಮಗು ನಗರದ ಅಭ್ಯರ್ಥಿಯಾಗುತ್ತದೆ. ಕೋಚಿಂಗ್ ಬೇರೆ ಜಿಲ್ಲೆಯಲ್ಲಿದ್ದು ಶಾಲೆಯನ್ನೂ ಅಲ್ಲಿಗೇ ಬದಲಾಯಿಸಿದರೆ ನಿಮ್ಮ ಜಿಲ್ಲೆಯ ಅರ್ಹತೆಯೇ ಹೋಗುತ್ತದೆ. ಮಗುವಿನ ವಾಸವೂ 5ನೇ ತರಗತಿಯೂ ಒಂದೇ ಜಿಲ್ಲೆಯಲ್ಲಿರಬೇಕು ಎಂಬುದು ನಿಯಮ. ಒಂದು ನವೋದಯದಲ್ಲಿ 6ನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ನಿಮ್ಮ ಮಗನಿಗೆ ತೆರೆದಿರುವ ದೊಡ್ಡ ಬಾಗಿಲನ್ನು ನೀವೇ ಮುಚ್ಚಿದಂತೆ.

ಉಳಿದದ್ದು ಎರಡು ದಾರಿ. ಊರಲ್ಲೋ ಹತ್ತಿರದಲ್ಲೋ ಸಂಜೆ ಪಾಠ ಹೇಳುವವರಿದ್ದರೆ ವಾರಕ್ಕೆ ಎರಡು ದಿನ ಚಿತ್ರದ ಪ್ರಶ್ನೆಗೆ ಮಾತ್ರ ಕಳಿಸಬಹುದು. ಅಲ್ಲಿಯೂ ಒಂದು ಅಪಾಯವಿದೆ. ದಿನಕ್ಕೊಂದು ಮಾದರಿ ಪತ್ರಿಕೆ ಕೊಟ್ಟು, ಉತ್ತರ ತಿದ್ದಿ, ತಪ್ಪು ಯಾಕಾಯಿತೆಂದು ಹೇಳದೆ ಮನೆಗೆ ಕಳಿಸುವ ಕಡೆ ಹಣ ಖರ್ಚಾಗುತ್ತದೆ, ಅಂಕ ಏರುವುದಿಲ್ಲ. ಇನ್ನೊಂದು ದಾರಿ ಮನೆ. ನೀವು ಈಗಾಗಲೇ ದಿನಾ ಎರಡು ತಾಸು ಕೂರುತ್ತಿದ್ದೀರಿ. ಅದರ ಅರ್ಧ ಸಾಕು, ಹಂಚಿಕೆ ಬದಲಾಗಬೇಕು ಅಷ್ಟೇ: ದಿನಕ್ಕೆ 25 ನಿಮಿಷ ಚಿತ್ರ, 20 ನಿಮಿಷ ಓದು, 15 ನಿಮಿಷ ಲೆಕ್ಕ.

ಚಿತ್ರದಿಂದಲೇ ಶುರು ಮಾಡಿ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳು ಹತ್ತು ಬಗೆಯವು, ಒಂದೊಂದರಲ್ಲಿ ನಾಲ್ಕು. ಗುಂಪಿಗೆ ಸೇರದ್ದನ್ನು ಹುಡುಕುವುದು, ತದ್ರೂಪ ಹುಡುಕುವುದು, ವಿನ್ಯಾಸದ ಖಾಲಿ ಮೂಲೆ ತುಂಬುವುದು, ಚಿತ್ರಸರಣಿ, ಸಾದೃಶ್ಯ (ಮೊದಲ ಜೋಡಿಯಂತೆ ಎರಡನೇ ಜೋಡಿ ಮಾಡುವುದು), ಚೌಕ–ತ್ರಿಕೋನ–ವೃತ್ತ ಪೂರ್ಣಗೊಳಿಸುವುದು, ಕನ್ನಡಿ ಬಿಂಬ, ಮಡಿಸಿ ತೂತು ಮಾಡಿದ ಕಾಗದ, ತುಂಡು ಜೋಡಿಸಿದರೆ ಬರುವ ಆಕೃತಿ, ಅಡಗಿದ ಆಕೃತಿ. ವಾರಕ್ಕೆ ಎರಡು ಬಗೆಯಂತೆ ಐದು ವಾರದಲ್ಲಿ ಮುಗಿಯುತ್ತದೆ. ಆರನೇ ವಾರ ಪುನರಾವರ್ತನೆ. ಅಲ್ಲಿಯವರೆಗೆ ಪೂರ್ತಿ ಮಾದರಿ ಪತ್ರಿಕೆ ಕೊಡಲೇಬೇಡಿ. ಕಲಿಯದ ವಿಷಯದ ಮೇಲೆ ವಾರವಾರ ಪರೀಕ್ಷೆ ಇಟ್ಟರೆ ಮಗು ಕಲಿಯುವುದು ಸೋಲನ್ನು ಮಾತ್ರ.

ಮೊದಲ ವಾರ ಪುಸ್ತಕ ಮುಚ್ಚಿಡಿ. ಹಳೆ ನೋಟ್‌ಬುಕ್ಕಿನ ಹಾಳೆಯನ್ನು ಚೌಕವಾಗಿ ಕತ್ತರಿಸಿ, ಒಂದು ಸಲ ಮಡಿಸಿ, ಕತ್ತರಿಯ ತುದಿಯಿಂದ ತೂತು ಮಾಡಿ. ಬಿಚ್ಚುವ ಮೊದಲು ಅವನೇ ಇನ್ನೊಂದು ಹಾಳೆಯಲ್ಲಿ ತೂತು ಎಲ್ಲೆಲ್ಲಿ ಬರುತ್ತದೆಂದು ಬರೆಯಲಿ. ಆಮೇಲೆ ಬಿಚ್ಚಿ ಹೋಲಿಸಲಿ. ಒಂದು ಮಡಿಕೆಗೆ ಎರಡು ತೂತು, ಎರಡು ಮಡಿಕೆಗೆ ನಾಲ್ಕು. ಎಷ್ಟು ಎಂಬುದರಲ್ಲಿ ಮಕ್ಕಳು ತಪ್ಪುವುದು ಕಡಿಮೆ, ಎಲ್ಲಿ ಎಂಬುದರಲ್ಲಿ ತಪ್ಪುತ್ತಾರೆ. ಮಡಿಕೆಯ ಗೆರೆಯಿಂದ ತೂತು ಈ ಕಡೆ ಎಷ್ಟು ದೂರವೋ ಆ ಕಡೆಯೂ ಅಷ್ಟೇ ದೂರ. ಇದು ಬೆರಳಿಗೆ ಗೊತ್ತಾಗುವವರೆಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಮೂಲೆಯಿಂದ ಮೂಲೆಗೆ ಮಡಿಸುವುದನ್ನೂ ಮಾಡಿಸಿ, ಹೆಚ್ಚು ಎಡವುವುದು ಅಲ್ಲೇ. ಮಡಿಕೆಯ ಮೇಲೆಯೇ ಅರ್ಧ ವೃತ್ತ ಕತ್ತರಿಸಿದರೆ ಬಿಚ್ಚಿದಾಗ ಎರಡಲ್ಲ, ಒಂದೇ ಪೂರ್ಣ ತೂತು ಬರುತ್ತದೆ. ಇದನ್ನೂ ಒಮ್ಮೆ ಕಣ್ಣಾರೆ ನೋಡಲಿ.

ಚೌಕ ಪೂರ್ಣಗೊಳಿಸುವ ಮತ್ತು ತುಂಡು ಜೋಡಿಸುವ ಪ್ರಶ್ನೆಗೆ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಕೈಯಗಲದ ಚೌಕಗಳನ್ನು ಮಾಡಿ, ಒಂದೊಂದನ್ನು ಎರಡು ಅಥವಾ ಮೂರು ತುಂಡಾಗಿ ಓರೆಕೋರೆ ಕತ್ತರಿಸಿ, ಮೂರು ಚೌಕದ ತುಂಡುಗಳನ್ನು ಕಲಸಿ ಮುಂದಿಡಿ. ಜೋಡಿಸುತ್ತ ಹೋದಂತೆ ಅವನು ಉದ್ದದ ಅಂಚನ್ನು ಮೊದಲು ಹುಡುಕುವುದನ್ನು ತಾನೇ ಕಲಿಯುತ್ತಾನೆ. ಪರೀಕ್ಷೆಯಲ್ಲಿಯೂ ಅದೇ ಉಪಾಯ: ಖಾಲಿ ಜಾಗದ ಅತಿ ವಿಚಿತ್ರವಾದ ಅಂಚು ಯಾವುದೋ, ಆಯ್ಕೆಗಳಲ್ಲಿ ಅದಕ್ಕೆ ಹೊಂದುವುದು ಸಾಮಾನ್ಯವಾಗಿ ಒಂದೋ ಎರಡೋ.

ಕನ್ನಡಿ ಬಿಂಬದಲ್ಲಿ ಬಹಳ ಮಕ್ಕಳು ಚಿತ್ರವನ್ನು ತಲೆಕೆಳಗು ಮಾಡುತ್ತಾರೆ. ಪಕ್ಕದಲ್ಲಿಟ್ಟ ಕನ್ನಡಿಯಲ್ಲಿ ಎಡ–ಬಲ ಬದಲಾಗುತ್ತದೆ, ಮೇಲೆ–ಕೆಳಗೆ ಹಾಗೇ ಇರುತ್ತದೆ. ಗೋಡೆಯ ಸಣ್ಣ ಕನ್ನಡಿ ತಂದು ಪುಸ್ತಕದ ಮೇಲೆ ನೆಟ್ಟಗೆ ನಿಲ್ಲಿಸಿ ತೋರಿಸಿ. ಕನ್ನಡಿ ಇಲ್ಲದಿದ್ದರೆ ತೆಳು ಹಾಳೆಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಬರೆದು, ಹಾಳೆ ತಿರುಗಿಸಿ ಬೆಳಕಿಗೆ ಹಿಡಿದರೆ ಕಾಣುವುದೇ ಕನ್ನಡಿ ಬಿಂಬ. ಮಕ್ಕಳಿಗೆ ಇದು ಮಾಟದಂತೆ ಕಾಣುತ್ತದೆ, ಮರೆಯುವುದಿಲ್ಲ.

ಚಿತ್ರಸರಣಿ ಮತ್ತು ಗುಂಪಿಗೆ ಸೇರದ್ದು, ಇವೆರಡಕ್ಕೆ ಕತ್ತರಿ ಬೇಡ, ಕ್ರಮ ಬೇಕು. ಮಗು ಇಡೀ ಚಿತ್ರವನ್ನು ಒಮ್ಮೆಗೇ ನೋಡಿ ಗೊಂದಲವಾಗುತ್ತದೆ. ಒಂದು ಸಲಕ್ಕೆ ಒಂದೇ ಭಾಗವನ್ನು ಹಿಂಬಾಲಿಸಲಿ. ಬಾಣ ಮಾತ್ರ ನೋಡು, ಯಾವ ಕಡೆ ತಿರುಗುತ್ತಿದೆ, ಎಷ್ಟು ತಿರುಗುತ್ತಿದೆ? ಅದಕ್ಕೆ ಹೊಂದದ ಆಯ್ಕೆಗಳನ್ನು ಹೊಡೆದು ಹಾಕು. ಈಗ ಚುಕ್ಕಿ ನೋಡು. ಗುಂಪಿಗೆ ಸೇರದ್ದರಲ್ಲಿ ಹೀಗೆ ಕೇಳಿಕೊಳ್ಳಲಿ: ಗೆರೆ ಎಷ್ಟು, ಬಾಯಿ ಮುಚ್ಚಿದೆಯೋ ತೆರೆದಿದೆಯೋ, ಕಪ್ಪು ಬಣ್ಣ ಎಲ್ಲಿದೆ, ತಿರುಗಿಸಿದರೆ ಒಂದರಂತೆ ಇನ್ನೊಂದು ಆಗುತ್ತದೆಯೇ. ಕೊನೆಯ ಪ್ರಶ್ನೆಯೇ ಅನೇಕ ಸಲ ಗುಟ್ಟು: ಮೂರು ಚಿತ್ರಗಳು ಒಂದೇ ಆಕೃತಿಯ ತಿರುವುಗಳು, ನಾಲ್ಕನೆಯದು ಅದರ ಕನ್ನಡಿ ಬಿಂಬ. ಅಡಗಿದ ಆಕೃತಿಯಲ್ಲಿ ಕೊಟ್ಟದ್ದನ್ನು ತಿರುಗಿಸದೆ, ಅದೇ ದಿಕ್ಕಿನಲ್ಲಿ ಹುಡುಕಲಿ. ಪ್ರಶ್ನೆಪತ್ರಿಕೆಯ ಮೇಲೆ ಪೆನ್ನಿನಿಂದ ಗೆರೆ ಅನುಸರಿಸಿ ನೋಡುವ ಅಭ್ಯಾಸ ಇರಲಿ.

ಇನ್ನು ಕನ್ನಡ. ತಾಯ್ನುಡಿಯಲ್ಲಿ 20ಕ್ಕೆ 9 ಬಂದರೆ ಮನೆಯವರಿಗೆ ಆಶ್ಚರ್ಯ. ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಮಕ್ಕಳು ತಪ್ಪುವುದು ಕನ್ನಡ ಬರದೆ ಅಲ್ಲ. ಗದ್ಯದಲ್ಲಿ ಏನಿದೆ ಎಂದು ಕೇಳಿದರೆ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಜೇನಿನ ಬಗ್ಗೆ ಗದ್ಯ ಬಂದರೆ ಜೇನಿನ ಬಗ್ಗೆ ಶಾಲೆಯಲ್ಲಿ ಕೇಳಿದ್ದನ್ನೆಲ್ಲ ಸೇರಿಸಿ ಉತ್ತರಿಸುತ್ತಾರೆ. ಪರಿಹಾರ ಸರಳ. ಪ್ರತಿ ಉತ್ತರಕ್ಕೂ ‘ಆ ಸಾಲು ಎಲ್ಲಿದೆ, ಬೆರಳಿಡು’ ಎನ್ನಿ. ಬೆರಳಿಡಲು ಸಾಲು ಸಿಗದಿದ್ದರೆ ಉತ್ತರ ಊಹೆ.

ನಿಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಆಡುವ ಕನ್ನಡಕ್ಕೂ ಪತ್ರಿಕೆಯ ಕನ್ನಡಕ್ಕೂ ಅಂತರ ಇದೆ. ‘ಹೊರತುಪಡಿಸಿ’, ‘ಆದಾಗ್ಯೂ’, ‘ಸರಿಯಲ್ಲದ ಹೇಳಿಕೆ ಯಾವುದು’ ಇಂಥ ಕಡೆ ಪ್ರಶ್ನೆಯೇ ತಲೆಕೆಳಗಾಗುತ್ತದೆ. ಪ್ರಶ್ನೆಯಲ್ಲಿ ಅಲ್ಲ, ಇಲ್ಲ, ಹೊರತು ಎಂಬುದು ಕಂಡರೆ ಸುತ್ತು ಹಾಕಿಕೊಳ್ಳಲಿ. ದಿನಪತ್ರಿಕೆಯ ಒಂದು ಚಿಕ್ಕ ಸುದ್ದಿಯನ್ನು ದಿನಾ ಮನಸ್ಸಿನಲ್ಲೇ ಓದಿಸಿ, ಆಮೇಲೆ ನೀವು ಐದು ಪ್ರಶ್ನೆ ಕೇಳಿ: ಎರಡು ನೇರ ಉತ್ತರದವು, ಒಂದು ಪದದ ಅರ್ಥ, ಒಂದು ವಿರುದ್ಧ ಪದ, ಒಂದು ಶೀರ್ಷಿಕೆ. ಗಟ್ಟಿಯಾಗಿ ಓದಿದರೆ ಪರೀಕ್ಷೆಯ ವೇಗ ಬರುವುದಿಲ್ಲ. ತುಟಿ ಅಲ್ಲಾಡದೆ ಓದಲು ಐದಾರು ವಾರ ಬೇಕು. ಅದನ್ನು ಈಗಲೇ ಶುರು ಮಾಡಿ.

ಲೆಕ್ಕದಲ್ಲಿ ಅವನಿಗೆ ಹೊಸ ಲೆಕ್ಕಗಳಿಗಿಂತ ತಪ್ಪಿನ ಪಟ್ಟಿ ಬೇಕು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ತಪ್ಪಾದ ಲೆಕ್ಕ ಮತ್ತು ಕಾರಣ ಮಾತ್ರ ಬರೆಯಲಿ. ಈ ವಯಸ್ಸಿನ ಮಕ್ಕಳ ತಪ್ಪುಗಳು ಹೆಚ್ಚುಕಡಿಮೆ ಒಂದೇ ತರ. 0.3 × 0.2 ಎಂದರೆ 0.6 ಎನ್ನುತ್ತಾರೆ, ಸರಿಯಾದದ್ದು 0.06. ಎರಡೂವರೆ ಗಂಟೆಯನ್ನು, 2.5 ಎಂದು ಬರೆದ ಕೂಡಲೇ, 2 ಗಂಟೆ 50 ನಿಮಿಷ ಮಾಡುತ್ತಾರೆ. 80 ರೂಪಾಯಿಗೆ ತಂದು 100ಕ್ಕೆ ಮಾರಿದರೆ ಲಾಭ ಶೇ. 20 ಎನ್ನುತ್ತಾರೆ. ಲಾಭವನ್ನು ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಬೇಕು, ಆದ್ದರಿಂದ ಶೇ. 25. ಒಂದು ಚದರ ಮೀಟರಿಗೆ 100 ಚದರ ಸೆಂಟಿಮೀಟರ್ ಎನ್ನುತ್ತಾರೆ, ಇರುವುದು 10,000. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ), ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆಯಲು ಬರುತ್ತದೆ, ಯಾವುದನ್ನು ತೆಗೆಯಬೇಕೆಂದು ಗೊತ್ತಾಗುವುದಿಲ್ಲ. 6, 8, 12 ನಿಮಿಷಕ್ಕೊಮ್ಮೆ ಬಾರಿಸುವ ಗಂಟೆಗಳು ಮತ್ತೆ ಯಾವಾಗ ಒಟ್ಟಿಗೆ ಬಾರಿಸುತ್ತವೆ ಎಂದರೆ ಮುಂದೆ ಸಾಗುವ ಲೆಕ್ಕ, ಲಸಾಅ, 24 ನಿಮಿಷ. 24 ಮತ್ತು 36 ಲೀಟರಿನ ಎರಡು ಕ್ಯಾನಿನ ಹಾಲನ್ನು ಉಳಿಯದಂತೆ ಅಳೆಯುವ ಅತಿ ದೊಡ್ಡ ಅಳತೆ ಯಾವುದೆಂದರೆ ತುಂಡು ಮಾಡುವ ಲೆಕ್ಕ, ಮಸಾಅ, 12 ಲೀಟರ್. ನಾಲ್ಕು ಆಯ್ಕೆ ಎದುರಿಗೇ ಇರುವಾಗ 398 × 21 ಅನ್ನು ಉದ್ದಕ್ಕೆ ಗುಣಿಸಬೇಕಿಲ್ಲ. 400ರ 21 ಪಟ್ಟು 8,400, ಅದರಲ್ಲಿ 42 ಕಳೆದರೆ 8,358.

ಏಳನೇ ವಾರದಿಂದ ಭಾನುವಾರಕ್ಕೊಂದು ಪೂರ್ತಿ ಪತ್ರಿಕೆ. ಬೆಳಿಗ್ಗೆ 11.30ಕ್ಕೆ ಕೂರಿಸಿ, 1.30ಕ್ಕೆ ಎಬ್ಬಿಸಿ. ಪರೀಕ್ಷೆಯ ಹೊತ್ತೂ ಅದೇ, ಊಟಕ್ಕೆ ಮೊದಲಿನ ಹಸಿವೂ ಅಭ್ಯಾಸವಾಗಲಿ. ವಿಭಾಗಗಳ ನಡುವೆ ಬಿಡುವಿಲ್ಲ. ನಿಮ್ಮ ಮಗ ಲೆಕ್ಕದಲ್ಲಿ ಕಾಲ ಕಳೆದು ಕನ್ನಡದ ಆರು ಪ್ರಶ್ನೆ ಬಿಟ್ಟಿದ್ದಾನೆಂದು ತೋರುತ್ತದೆ. ಅವನಿಗೆ ಚಿತ್ರ 50 ನಿಮಿಷ, ಆಮೇಲೆ ಕನ್ನಡ 30, ಕೊನೆಗೆ ಲೆಕ್ಕ 30, ಉಳಿದ 10 ನಿಮಿಷ ಬಿಟ್ಟದ್ದಕ್ಕೆ. ಬಲವಾದ ವಿಷಯ ಕೊನೆಗಿದ್ದರೆ ಆತುರದಲ್ಲೂ ಕೈ ನಡೆಯುತ್ತದೆ. ಒಂದು ಪ್ರಶ್ನೆ ಎರಡು ನಿಮಿಷ ತಿಂದರೆ ಗುರುತು ಹಾಕಿ ಮುಂದೆ ಹೋಗಲಿ.

ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯನ್ನು ಝೆರಾಕ್ಸ್ ಮಾಡಿಟ್ಟುಕೊಂಡು ಪ್ರತಿ ಭಾನುವಾರ ಅದರಲ್ಲೇ ಉತ್ತರಿಸಲಿ. ನೀಲಿ ಅಥವಾ ಕಪ್ಪು ಬಾಲ್‌ಪೆನ್ ಮಾತ್ರ, ಜೆಲ್ ಪೆನ್ ಬೇಡ, ಪೆನ್ಸಿಲ್ ಬೇಡ. ಒಮ್ಮೆ ತುಂಬಿದ ವೃತ್ತವನ್ನು ತಿದ್ದುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಚೆನ್ನಾಗಿ ಓದಿದ ಮಕ್ಕಳೂ ಇಲ್ಲಿ ಹಾಳಾಗುತ್ತಾರೆ. 17ನೇ ಪ್ರಶ್ನೆ ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಸಾಲು ಜಾರುತ್ತದೆ. ಆದ್ದರಿಂದ ಎಲ್ಲ ಉತ್ತರವನ್ನು ಕೊನೆಗೆ ಒಟ್ಟಿಗೆ ತುಂಬುವುದು ಬೇಡ. ಒಂದು ಪ್ರಶ್ನೆ, ಒಂದು ವೃತ್ತ. ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ಹೊಂದಿದೆಯೇ ಎಂದು ಬೆರಳಿಟ್ಟು ನೋಡಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯ ಐದು ನಿಮಿಷದಲ್ಲಿ ಖಾಲಿ ಇರುವ ಎಲ್ಲ ಸಾಲಿಗೂ ಏನಾದರೊಂದು ತುಂಬಲೇಬೇಕು. ಆ ಆರು ಖಾಲಿ ಪ್ರಶ್ನೆಗಳನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ!

ಅಳುವಿನ ಬಗ್ಗೆ ಇನ್ನೊಂದು ಮಾತು. ರಾತ್ರಿ ಎರಡು ತಾಸಿನ ಲೆಕ್ಕ ಊಟದ ನಂತರವಾದರೆ ಅವನ ನಿದ್ದೆ ಹೋಗುತ್ತಿದೆ. ಈ ವಯಸ್ಸಿಗೆ 9 ಗಂಟೆಯಾದರೂ ನಿದ್ದೆ ಬೇಕು. ಅಭ್ಯಾಸವನ್ನು ಸಂಜೆ ಆಟ ಮುಗಿಸಿ ಬಂದ ಮೇಲೆ, ಊಟಕ್ಕೆ ಮೊದಲು ಇಡಿ. ಪಕ್ಕದ ಮನೆಯ ಮಗುವಿನ ಅಂಕ ಅವನ ಮುಂದೆ ತೆಗೆಯಬೇಡಿ. ಇಷ್ಟಾದ ಮೇಲೂ ಎರಡು ವಾರ ಬೆಳಗಾದರೆ ಹೊಟ್ಟೆನೋವು, ಊಟ ಬೇಡ, ಶಾಲೆ ಬೇಡ ಎನ್ನುತ್ತಿದ್ದರೆ ತಯಾರಿಯನ್ನು ಹತ್ತು ದಿನ ಪೂರ್ತಿ ನಿಲ್ಲಿಸಿ. ಹದಿನೈದು ವಾರದಲ್ಲಿ ಹತ್ತು ದಿನ ದೊಡ್ಡದಲ್ಲ. ಜೊತೆಗೆ, ಮನೆ ಬಿಟ್ಟು ಇರಲು ಅವನಿಗೆ ಮನಸ್ಸಿದೆಯೇ ಎಂದು ಒಮ್ಮೆ ನೇರವಾಗಿ ಕೇಳಿದ್ದೀರಾ? ಪರೀಕ್ಷೆಯ ಭಯದ ಹಿಂದೆ ಹಾಸ್ಟೆಲಿನ ಭಯ ಇರುವುದುಂಟು. ಅಜ್ಜಿಯ ಮನೆಯಲ್ಲಿ ನಾಲ್ಕು ದಿನ ನೀವಿಲ್ಲದೆ ಇದ್ದು, ತನ್ನ ಬಟ್ಟೆ ತಾನೇ ಒಗೆದುಕೊಂಡು ಬರಲಿ. ಅವನಿಗೂ ನಿಮಗೂ ಅಂದಾಜಾಗುತ್ತದೆ.

ಸೀಟು ಸಿಗದಿದ್ದರೆ ಏನು ಎಂಬುದನ್ನು ಈಗಲೇ ಅವನೆದುರು ಸಹಜವಾಗಿ ಮಾತಾಡಿ. ಜಿಲ್ಲೆಯ ಎಲ್ಲ ತಾಲ್ಲೂಕುಗಳ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ 80 ಸೀಟು ಎಂದರೆ ಚೆನ್ನಾಗಿ ಬರೆದವರಲ್ಲೂ ಬಹಳ ಮಂದಿಗೆ ಸಿಗುವುದಿಲ್ಲ. 8ನೇ ತರಗತಿಯಲ್ಲಿದ್ದಾಗ ನವೋದಯದ 9ನೇ ತರಗತಿಯ ಖಾಲಿ ಸೀಟುಗಳಿಗೆ ಬೇರೆಯೇ ಪರೀಕ್ಷೆ ಇದೆ, ಅದನ್ನು ಬರೆಯಬಹುದು. ಸರ್ಕಾರಿ ಶಾಲೆಯಲ್ಲೇ ಮುಂದುವರಿದರೆ 8ನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರುತ್ತದೆ. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅದರಲ್ಲೂ ಮಾನಸಿಕ ಸಾಮರ್ಥ್ಯದ ಪತ್ರಿಕೆ ಇರುವುದರಿಂದ ಈಗಿನ ಅಭ್ಯಾಸ ಅಲ್ಲಿ ಕೈಗೆ ಬರುತ್ತದೆ.

ಇದೇ ವರ್ಷ 6ನೇ ತರಗತಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯೂ ಇದೆ, ನಿಮ್ಮ ತಾಲ್ಲೂಕಿನಲ್ಲಿ ಆದರ್ಶ ವಿದ್ಯಾಲಯ ಇದ್ದರೆ ಅದರದ್ದೂ ಇದೆ. ಅಲ್ಲಿ 5ನೇ ತರಗತಿಯ ಪಾಠಗಳಿಂದ ಕೇಳುತ್ತಾರೆ, ಹಾಗಾಗಿ ಪರಿಸರ ಅಧ್ಯಯನವನ್ನು ಶಾಲೆಯ ಪಾಠದ ಜೊತೆಜೊತೆಗೇ ಓದಿಕೊಳ್ಳಲಿ. ವಸತಿ ಶಾಲೆಯ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಕೊನೆಯ ವಾರ ನಾಡಕಚೇರಿಯಲ್ಲಿ ಸಾಲು ದೊಡ್ಡದಿರುತ್ತದೆ, ಈ ತಿಂಗಳೇ ಮಾಡಿಸಿಡಿ. ಮಗನ ಹೆಸರಿನ ಕಾಗುಣಿತ ಶಾಲೆಯ ದಾಖಲಾತಿಯಲ್ಲೂ ಆಧಾರ್‌ನಲ್ಲೂ ಒಂದೇ ತರ ಇದೆಯೇ ಎಂದು ನವೋದಯದ ಅರ್ಜಿ ಸಲ್ಲಿಸುವ ಮೊದಲು ನೋಡಿ. ಇಲ್ಲದಿದ್ದರೆ ತಿದ್ದುಪಡಿಗೆ ನಾಳೆಯೇ ಮುಖ್ಯ ಶಿಕ್ಷಕರನ್ನು ಕಾಣಿ.